ಗರಿಯಿಂದ ಗರಿಗೆ ಹಬ್ಬಿದ ಬೂಷ್ಟು

"ಇನ್ಸ್‌ಪೆಕ್ಟ್ರೇ, ಬೇಗ ಬನ್ನಿ! ನಮ್ಮನೇಲಿ ಕೊಲೆ ನಡೀತಿದೆ!"

ಬೆಳಗ್ಗೆ ಬಾಗಿಲು ತೆಗೆದರೆ ಕೆಳಗಿನ ಮನೆಯ ಟೀಚರ್ ನಿಂತಿದ್ದರು. ನಾನು ಚಪ್ಪಲಿಯನ್ನೂ ಮೆಟ್ಟಲಿಲ್ಲ. ನಿವೃತ್ತನಾದ ಮೇಲೆ ನನ್ನ ಬಾಗಿಲು ತಟ್ಟುವವರು ಇಬ್ಬರೇ, ಹಾಲಿನವನು ಮತ್ತು ಮನೆ ತಪ್ಪಿ ಬಂದವರು. ಸರ್ವಿಸಿನಲ್ಲಿದ್ದಾಗ ಹೀಗಿರಲಿಲ್ಲ. ನಾನು ಒಂದು ಸಲ ಕೆಮ್ಮಿದರೆ ಪಕ್ಕದ ಊರಿನ ಕಳ್ಳರೂ ಕದ್ದ ಮಾಲನ್ನು ತಾವೇ ಹೊತ್ತು ತಂದು ಠಾಣೆಯ ಬಾಗಿಲಲ್ಲಿ ಜೋಡಿಸಿಟ್ಟು ರಶೀದಿ ಕೇಳುತ್ತಿದ್ದರು.

ಟೀಚರ್ ನನ್ನನ್ನು ನೇರ ಮುಂದಿನ ಕೋಣೆಗೆ ಕರೆದೊಯ್ದರು. ಕಿಟಕಿ ಭದ್ರವಾಗಿ ಮುಚ್ಚಿತ್ತು. ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟಿತು. ಮೂಲೆಯಲ್ಲಿ ತೀರಿಹೋದ ಯಜಮಾನರ ಕುರ್ಚಿ. ಪಕ್ಕದ ಸ್ಟ್ಯಾಂಡಿನ ಮೇಲೆ ಒಂದು ಜರಿಗಿಡ.

"ಹೆಣ ಎಲ್ಲಿ?" ಎಂದೆ.

"ಇದೇ."

ಗಿಡದ ಅರ್ಧದಷ್ಟು ಗರಿಗಳು ಕಪ್ಪಾಗಿ ಜೋತುಬಿದ್ದಿದ್ದವು.

"ಅವರು ಮಗು ಥರ ಸಾಕಿದ್ದು. ಅವರದು ಅಂತ ಉಳಿದಿರೋ ಜೀವ ಇದೊಂದೇ. ನಮ್ಮ ಮೈದುನ ವಿಷ ಹಾಕ್ತಿದ್ದಾನೆ. ಮೂಸಿ ನೋಡಿ."

ಮೂಸಿದೆ. ನನ್ನ ಮೂಗಿನ ಮುಂದೆ ಪೊಲೀಸ್ ನಾಯಿಗಳು ನಾಚಿ ಬಾಲ ಮಡಚಿದ್ದುಂಟು. ಗರಿಗಳಲ್ಲಿ ಪೆಟ್ರೋಲಿನ ವಾಸನೆ.

"ಅವನು ವಾಚ್ ರಿಪೇರಿಯವನು. ದಿನಾ ಪೆಟ್ರೋಲಲ್ಲೇ ಕೈ. ಈ ಕೋಣೇಲಿ ಅವರು ತಲೆಗೆ ಹಚ್ಕೋತಿದ್ದ ಎಣ್ಣೆ ವಾಸನೆ ಇನ್ನೂ ಇತ್ತು. ಅದು ಹೋಗಬಾರದು ಅಂತ ನಾನು ಕಿಟಕೀನೂ ತೆಗೀತಿರಲಿಲ್ಲ. ಅದರ ಮೇಲೆ ಇದು!" ಟೀಚರ್ ಕಿಟಕಿಯ ಚಿಲಕವನ್ನು ಇನ್ನೊಮ್ಮೆ ಒತ್ತಿ ನೋಡಿದರು. "ಭಾನುವಾರದೊಳಗೆ ಅವನು ಮನೆ ಬಿಡಬೇಕು. ಅವನಿಗೆ ಹೇಳ್ಬಿಡಿ."

"ನೀವೇ ಹೇಳಬಹುದಲ್ಲ?"

"ನಾವು ಮಾತಾಡಲ್ಲ."

"ಏನು ಜಗಳ?"

"ಜಗಳಾನಾ? ಏನೂ ಇಲ್ಲ." ಆ ಪ್ರಶ್ನೆಗೆ ಅವರಿಗೇ ಆಶ್ಚರ್ಯವಾದಂತಿತ್ತು. "ಮೊದಲಿಂದಲೂ ಅವನು ಅಣ್ಣನಿಗೆ ಹೇಳೋನು, ಅಣ್ಣ ನನಗೆ ಹೇಳೋರು. ಈಗ ಮಧ್ಯದವರು ಇಲ್ಲ. ಊಟ ಮುಚ್ಚಿಡ್ತೀನಿ, ತಿಂದು ತಟ್ಟೆ ತೊಳೆದಿಡ್ತಾನೆ. ಅಷ್ಟೇ."

*

ತನಿಖೆ ಶುರು ಮಾಡಿದೆ. ಮೊದಲು ಮಣ್ಣು. ಬೆರಳು ಇಟ್ಟರೆ ಕೆಸರು. ಮೂಸಿದರೆ ಬರೀ ಮಣ್ಣು, ಪೆಟ್ರೋಲಿನ ಸುಳಿವೇ ಇಲ್ಲ. ವಿಷ ಹಾಕುವವನು ಬುಡಕ್ಕೆ ಸುರಿಯುತ್ತಾನೆ, ಗರಿಗಳಿಗೆ ಅತ್ತರು ಪೂಸುವುದಿಲ್ಲ.

ಆಮೇಲೆ ಒಂದು ಗರಿಯನ್ನು ಮಗುಚಿದೆ. ಅಡಿಯಲ್ಲಿ ಕಂದು ಚುಕ್ಕೆಗಳು, ಕವಾಯತಿಗೆ ನಿಂತ ಪೇದೆಗಳ ಹಾಗೆ ಸಾಲಾಗಿ.

"ಸಿಕ್ಕಿತು ರೋಗ!" ಎಂದು ಗುಡುಗಿದೆ. ಗೋಡೆಯ ಸುಣ್ಣ ಉದುರಿರಬೇಕು.

ಅದೇ ಮಧ್ಯಾಹ್ನ ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಹಲ್ಲು ನೋವಿರಲಿಲ್ಲ. ಅಲ್ಲಿ ಕಾಯುವ ಕೋಣೆಯಲ್ಲಿ ಜನ ಇರುತ್ತಾರೆ, ಆಗಾಗ ಹೋಗುತ್ತಿರುತ್ತೇನೆ. ಅಲ್ಲೂ ಒಂದು ಜರಿಗಿಡವಿತ್ತು, ಹಸಿರು ಉಕ್ಕಿ ಹರಿಯುತ್ತಿತ್ತು. ಅದರ ಗರಿಯನ್ನೂ ಮಗುಚಿದೆ. ಅದೇ ಚುಕ್ಕೆ, ಅದೇ ಸಾಲು! ಹಾಗಾದರೆ ಅದು ರೋಗವಲ್ಲ. ಹೂ ಬಿಡದ ಗಿಡ ತನ್ನ ಸಂತಾನವನ್ನು ಎಲೆಯಡಿ ಕಟ್ಟಿಟ್ಟುಕೊಂಡಿತ್ತು, ಅಷ್ಟೆ. ನಾನು ಬಂಧಿಸಹೊರಟಿದ್ದು ಅದರ ಮಕ್ಕಳನ್ನು. ಈ ವಿಷಯ ಟೀಚರಿಗೆ ಹೇಳಲಿಲ್ಲ. ದೊಡ್ಡ ಪತ್ತೇದಾರರು ಎಲ್ಲವನ್ನೂ ಹೇಳುವುದಿಲ್ಲ.

*

ಮೈದುನನ ಅಂಗಡಿ ಎರಡು ಗೋಡೆಗಳ ನಡುವಿನ ಸಂದಿ. ನಾನು ಉಸಿರು ಎಳೆದುಕೊಂಡರೆ ಅವನು ಬಿಡಬೇಕು, ಅಷ್ಟು ಇಕ್ಕಟ್ಟು. ಒಂದು ವಾಚಿನ ಭಾಗಗಳನ್ನೆಲ್ಲ ವೃತ್ತಾಕಾರವಾಗಿ ಹರಡಿಕೊಂಡು ಸಣ್ಣ ಬ್ರಷ್ಷಿನಿಂದ ಒಂದೊಂದನ್ನೇ ಒರೆಸುತ್ತಿದ್ದ.

"ಹೀಗ್ಯಾಕೆ ಸುತ್ತ ಇಟ್ಕೊಂಡಿದ್ದೀರಿ?"

"ಎಡದಿಂದ ಬಲಕ್ಕೆ, ಒಂದಾದ ಮೇಲೆ ಒಂದು. ಇಲ್ಲಾಂದ್ರೆ ಯಾವ್ದು ಬಿಟ್ಟೆ ಅಂತ ಗೊತ್ತಾಗಲ್ಲ ಸಾರ್." ಬ್ರಷ್ಷನ್ನು ಪೆಟ್ರೋಲಿನ ಬಟ್ಟಲಿನಲ್ಲಿ ತುದಿ ಮಾತ್ರ ಅದ್ದಿದ. "ಅತ್ತಿಗೆ ಕಳಿಸಿದ್ರಾ?"

"ಭಾನುವಾರದೊಳಗೆ ಮನೆ ಬಿಡಬೇಕಂತೆ."

ಬ್ರಷ್ಷು ನಿಂತಿತು. ಅವನು ಯಾಕೆ ಎಂದು ಕೇಳಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಸರಿ. ಗಿಡದ ಮೇಲೆ ಒಂದು ಕಣ್ಣಿಡಿ ಅಂತ ಅವರಿಗೆ ಹೇಳಿ. ಹುಷಾರಿಲ್ಲ ಅದಕ್ಕೆ."

ಕಣ್ಣಿಗೆ ಸಿಕ್ಕಿಸುವ ಅವನ ಭೂತಗನ್ನಡಿಯನ್ನು ಕೇಳಿದೆ. ಯಾಕೆ ಎಂದು ಅದಕ್ಕೂ ಕೇಳಲಿಲ್ಲ, ತೆಗೆದು ಕೊಟ್ಟ.

ಟೀಚರ್ ಮನೆಗೆ ಓಡಿ ಭೂತಗನ್ನಡಿಯಲ್ಲಿ ಗರಿಗಳನ್ನು ನೋಡಿದೆ. ಕಪ್ಪಾದ ಕಡೆಯಲ್ಲೆಲ್ಲ ಬೂದು ಬಣ್ಣದ ನವಿರು ತುಪ್ಪಳ. ಬೂಷ್ಟು! ಆ ತುಪ್ಪಳದ ನಡುವೆ ಸಣ್ಣ ಸಣ್ಣ ಗೀರುಗಳು, ಯಾರೋ ಬಾಚಿದ ಹಾಗೆ. ಕಿಟಕಿಯ ಕಡೆಯಿಂದ ಗರಿಗಳನ್ನು ಸುತ್ತ ನೋಡುತ್ತಾ ಬಂದೆ. ಪೂರ್ತಿ ಸತ್ತದ್ದು, ಅದರ ಬಲಕ್ಕೆ ಮುಕ್ಕಾಲು ಸತ್ತದ್ದು, ಅದರ ಬಲಕ್ಕೆ ಈಗಷ್ಟೇ ಕಪ್ಪು ತಾಗಿದ್ದು. ಕೊನೆಯವು ಇನ್ನೂ ಹಸಿರು.

ಅಲ್ಲಿಗೆ ಕೇಸು ಮುಗಿಯಿತು. ನನ್ನ ಮಿದುಳು ಆಗ ಮಾಡಿದ ಸದ್ದು ಬೀದಿಗೂ ಕೇಳಿಸಿರಬೇಕು.

*

ಸಂಜೆ ಇಬ್ಬರನ್ನೂ ಗಿಡದ ಮುಂದೆ ನಿಲ್ಲಿಸಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ವಿಷ ಯಾರೂ ಹಾಕಿಲ್ಲ. ಇದು ಬೂಷ್ಟು. ಟೀಚರ್, ಈ ಗಿಡಕ್ಕೆ ನೀರು ಹೇಗೆ ಕೊಡ್ತೀರಿ?"

"ಮೇಲಿಂದ ಚಿಮುಕಿಸ್ತೀನಿ. ಇಲ್ಲಿ ಬಂದು ನಿಂತಾಗೆಲ್ಲ."

"ಎಷ್ಟು ಸಲ ಬಂದು ನಿಲ್ತೀರಿ?"

ಟೀಚರ್ ಕುರ್ಚಿಯ ಕಡೆ ನೋಡಿದರು. "ಇನ್ನೆಲ್ಲಿ ನಿಲ್ಲಲಿ?"

"ಸದಾ ಒದ್ದೆ ಗರಿ, ಮುಚ್ಚಿದ ಕಿಟಕಿ. ಬೂಷ್ಟು ಹುಟ್ಟಿದ್ದು ಇಲ್ಲಿ, ನಿಮ್ಮ ಕೈಯಲ್ಲಿ. ಆದರೆ ಬೂಷ್ಟು ಗಾಳಿ ಬಂದ ಕಡೆ ಹಾರುತ್ತೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸರದಿಯಲ್ಲಿ ನಿಲ್ಲಲ್ಲ. ಇಲ್ಲಿ ಎಡದಿಂದ ಬಲಕ್ಕೆ, ಒಂದಾದ ಮೇಲೆ ಒಂದು ಗರಿ ಸತ್ತಿದೆ. ಯಾರೋ ರೋಗದ ಗರಿಯನ್ನ ಪೆಟ್ರೋಲ್ ಅಂಟಿದ ಬ್ರಷ್ಷಲ್ಲಿ ಒರೆಸಿ, ಅದೇ ಬ್ರಷ್ಷನ್ನ ಪಕ್ಕದ ಒಳ್ಳೆ ಗರಿಗೆ ಹಾಕಿದ್ದಾರೆ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು ಈ ಮನೇಲಿ ಒಬ್ಬರಿಗೇ."

ಮೈದುನ ನೆಲ ನೋಡಿದ. "ಅತ್ತಿಗೆಗೆ ಹೇಳಿ ಸಾರ್. ಧೂಳು ಅಂದ್ಕೊಂಡೆ. ಅಣ್ಣನ ಗಿಡ ಧೂಳು ಹಿಡೀತಿದೆ ಅಂತ, ಅವರು ಸಂತೆಗೆ ಹೋದಾಗ ಒರೆಸ್ತಿದ್ದೆ."

"ಅವನಿಗೆ ಹೇಳಿ ಇನ್ಸ್‌ಪೆಕ್ಟ್ರೇ..." ಟೀಚರ್ ಅಲ್ಲಿಗೇ ನಿಂತು, ಗರಕ್ಕನೆ ಅವನ ಕಡೆ ತಿರುಗಿದರು. "ನನ್ನನ್ನೊಂದು ಮಾತು ಕೇಳೋಕೆ ನಿನಗೆ ಬಾಯಿರಲಿಲ್ವೇನೋ?"

"ನಿಮಗಿತ್ತಾ ಅತ್ತಿಗೆ? ಮನೆ ಬಿಡು ಅನ್ನೋಕೂ ಇವರು ಬೇಕಾಯ್ತು!"

ನಾನು ನಡುವೆ ಬಾಯಿ ಹಾಕಲಿಲ್ಲ. ನನ್ನ ಜೀವಮಾನದಲ್ಲಿ ಅದು ದೊಡ್ಡ ದಾಖಲೆ.

"ಈಗೇನು ಮಾಡಬೇಕು?" ಎಂದರು ಟೀಚರ್, ಅವನನ್ನೇ ನೋಡುತ್ತಾ.

ಉತ್ತರ ನಾನು ಕೊಟ್ಟೆ. ರೋಗದ ಗರಿಗಳನ್ನು ಬುಡದಿಂದ ಕತ್ತರಿಸಬೇಕು. ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಇನ್ನು ಮೇಲೆ ನೀರು ಮಣ್ಣಿಗೆ ಮಾತ್ರ, ಅದೂ ಮೇಲ್ಮಣ್ಣು ಒಣಗಿದ ಮೇಲೆ. ಮತ್ತೆ, ಕಿಟಕಿ ತೆಗೆಯಬೇಕು.

"ಕಿಟಕಿ ಬೇಡ," ಎಂದರು ಟೀಚರ್. "ಅವರ ವಾಸನೆ..."

"ಅತ್ತಿಗೆ, ತೆಗೀದಿದ್ರೆ ಗಿಡಾನೂ ಹೋಗುತ್ತೆ." ಅವನು ಕಿಟಕಿಯ ಹತ್ತಿರ ಹೋದ, ಆದರೆ ಚಿಲಕ ಮುಟ್ಟಲಿಲ್ಲ. ಕಾದ.

ಬಹಳ ಹೊತ್ತಾದ ಮೇಲೆ ಟೀಚರೇ ಬಂದು ಚಿಲಕ ಎಳೆದರು. ಗಾಳಿ ಒಳಗೆ ಬಂತು. ಅವರು ಕಣ್ಣು ಮುಚ್ಚಿ ಒಮ್ಮೆ ಆಳವಾಗಿ ಉಸಿರೆಳೆದುಕೊಂಡರು. ಅಷ್ಟರಲ್ಲಿ ಕೋಣೆಯಲ್ಲಿ ಬೀದಿಯ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಅವನು ಗರಿ ಹಿಡಿದ, ಅವರು ಕತ್ತರಿಸಿದರು. ಗಿಡ ಬೋಳಾಯಿತು. ನಡುವೆ ಒಂದು ಹಿಡಿ ಹಸಿರು ಉಳಿಯಿತು. ಬದುಕುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ. ಲೋಕದಲ್ಲಿ ನನಗೆ ಗೊತ್ತಿಲ್ಲದ ವಿಷಯ ಅದೊಂದೇ.

"ಭಾನುವಾರ..." ಎಂದ ಮೈದುನ, ಮೆಲ್ಲಗೆ.

"ಭಾನುವಾರ ಹೊಸ ಮಣ್ಣು ತಂದುಕೊಡು. ನೀನು ಹೋದ್ರೆ ಅದನ್ನ ಹೊತ್ತು ತರೋರ್ಯಾರು?"

"ಎಂಥ ಮಣ್ಣು?"

"ಅದೂ ನಾನೇ ಹೇಳ್ಬೇಕಾ?"

"ಮತ್ತೆ ಕೇಳಲಿಲ್ಲ ಅಂತ ಆಗಲೇ ಬೈದ್ರಲ್ಲ!"

ನಾನು ಹೊರಟೆ. ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ಇಂಥ ಕೇಸು ಬಿಡಿಸಿದ ಮಹಾಪುರುಷ ಹೋದದ್ದನ್ನು ಒಳಗಿನವರು ಗಮನಿಸಲೂ ಇಲ್ಲ. ಮೇಲೆ ನನ್ನ ಮನೆಯಲ್ಲಿ ದೀಪ ಹಾಕುವವರು ಯಾರೂ ಇರಲಿಲ್ಲ, ಅವಸರವೂ ಇರಲಿಲ್ಲ. ಒಳಗೆ ಜಗಳ ಜೋರಾಗಿಯೇ ನಡೆದಿತ್ತು, ಕೆಂಪು ಮಣ್ಣೋ ಕಪ್ಪು ಮಣ್ಣೋ ಎಂದು. ಅದು ಮುಗಿಯುವವರೆಗೂ ಮೆಟ್ಟಿಲ ಮೇಲೆ ಕೂತು ಕೇಳಿದೆ.