ಯಾರೂ ಉತ್ತರಿಸದ ಚಾನೆಲ್

"ಬಳೆ ಹೋಯ್ತಲ್ಲ ಅನ್ನೋ ಸಂಕಟ ಅಲ್ಲಮ್ಮಾ. ಕದ್ದವಳು ನನ್ನ ತಂಗೀನೇ ಅಂತ ಬಾಯ್ಬಿಟ್ಟು ಹೇಳ್ಬೇಕಲ್ಲ, ಅದು."

ಬೈಂಡರ್ ಮಾಮ ನಮ್ಮ ಹೊಸ್ತಿಲಲ್ಲೇ ನಿಂತು ಹೀಗೆಂದಾಗ ನಾನು ಆಗಷ್ಟೇ ಟೀ ಲೋಟ ಕೈಗೆತ್ತಿಕೊಂಡಿದ್ದೆ. ನಮ್ಮ ದೊಡ್ಡಮ್ಮ ಪತ್ತೇದಾರಿಕೆಗೆ ಇಳಿದ ಮೇಲೆ ನನಗೆ ಬಿಸಿ ಟೀ ದಕ್ಕಿದ್ದೇ ಅಪರೂಪ.

ಪುಸ್ತಕಗಳಿಗೆ ರಟ್ಟು ಕಟ್ಟುವುದು ಮಾಮನ ಕಸುಬು. ಹೆಂಡತಿ ತೀರಿಹೋಗಿ ವರ್ಷವಾಗಿತ್ತು. ಮನೆಯಲ್ಲಿದ್ದವಳು ತಂಗಿ ಒಬ್ಬಳೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಹೆಂಡತಿಯ ಚಿನ್ನದ ಬಳೆಗಳನ್ನು ಮಾಮ ಹೊಲಿಗೆ ಯಂತ್ರದ ಅಡಿಯ ಪೊಳ್ಳಿನಲ್ಲಿ ಬಚ್ಚಿಟ್ಟಿದ್ದರು.

"ಆ ಜಾಗ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಬೇರೆ ಒಂದು ವಸ್ತುವೂ ಕದಲಿಲ್ಲ. ಭಾನುವಾರದೊಳಗೆ ಮನೆ ಬಿಡು ಅಂದಿದೀನಿ."

"ಹೊರಗಿನವರು ಯಾರೂ ಬಂದಿರಲಿಲ್ವಾ?" ಎಂದರು ದೊಡ್ಡಮ್ಮ.

"ರೇಡಿಯೋ ಅಂಗಡಿಯವನು ಬಂದಿದ್ದ, ಅವನ ಹತ್ರ ಕೊಂಡ ಸೆಟ್ ನೋಡೋಕೆ. ನಾನು ಟೀ ಮಾಡಿ ತರೋಷ್ಟರಲ್ಲಿ ನೋಡಿ ಮುಗಿಸಿ, ಎಲ್ಲಾ ಸರಿಯಾಗಿದೆ ಅಂದ. ಆದ್ರೆ ಆ ಜಾಗ ಅವನಿಗೆ ಹೇಗೆ ಗೊತ್ತಾಗ್ಬೇಕು?"

ಮಾಮನ ಜೊತೆ ಅವರ ಮನೆಗೆ ಹೋದೆವು. ಹಿಂದಿನ ಕೋಣೆಯಲ್ಲಿ ಅಂಟಿನ ವಾಸನೆ. ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ ಹೆಂಡತಿಯ ಫೋಟೋ, ಅದರ ಮುಂದೆ ಹೊಸ ಸಿಬಿ ರೇಡಿಯೋ, ಅಂಥದ್ದೇ ಸೆಟ್ ಇರುವ ಯಾರೊಡನೆಯಾದರೂ ಮಾತಾಡಬಹುದಾದದ್ದು. ಅಪರಿಚಿತರ ಜೊತೆಯಾದರೂ ನಾಲ್ಕು ಮಾತಾಡೋಣವೆಂದು ಆಸೆಪಟ್ಟು ತಂದದ್ದು. ಅದರ ಮೈಕನ್ನು ರಟ್ಟು ಒತ್ತುವ ಕ್ಲಾಂಪಿಗೆ ಬಿಗಿದು ಮುಖದೆತ್ತರಕ್ಕೆ ನಿಲ್ಲಿಸಿದ್ದರು.

"ಗುಂಡಿ ಒತ್ತಿ ಮಾತಾಡಿ ಅಂದಿದ್ದ ಅಂಗಡಿಯವನು. ಎಷ್ಟೊತ್ತು ಅಂತ ಒತ್ಕೊಂಡಿರೋದು? ಬಿಗಿದುಬಿಟ್ಟೆ," ಎಂದು ಮಾಮ ಸ್ವಿಚ್ ಹಾಕಿ ತೋರಿಸಿದರು. ಕೆಂಪು ದೀಪ ಹತ್ತಿತು. "ದಿನಾ ಸಂಜೆ ಯಾರಾದ್ರೂ ಇದ್ದೀರಾ ಅಂತ ಕೂಗಿ, ಮಲಗೋವರೆಗೂ ಸೆಟ್ ಹಾಕೇ ಇಟ್ಟಿರ್ತೀನಿ. ಇಷ್ಟು ದೊಡ್ಡ ಲೋಕದಲ್ಲಿ ಒಬ್ಬನೂ ಓ ಅನ್ನಲ್ಲ."

ಅಲ್ಲಿಂದ ದೊಡ್ಡಮ್ಮ ನೇರ ರೇಡಿಯೋ ಅಂಗಡಿಗೆ ನಡೆದು ಅಂಥದ್ದೇ ಸೆಟ್ ಕೊಂಡರು. ಅಂಗಡಿಯವನು ಭಾರೀ ನಯವಿನಯದವನು. "ಬೈಂಡರ್ ಯಜಮಾನ್ರು ಪಾಪ, ಒಂಟಿ ಜೀವ. ಹೆಂಡತಿ ಫೋಟೋಗೆ ದಿನದ ವರದಿ ಒಪ್ಪಿಸ್ತಾ ಕೂತಿರ್ತಾರೆ," ಎಂದ.

"ರೇಡಿಯೋದಲ್ಲಿ ಅವರ ದನಿ ಕೇಳಿದೀರಾ?"

"ಅಯ್ಯೋ, ಒಂದು ದಿನವೂ ಇಲ್ಲ."

ಸಂಜೆ ಮನೆಯಲ್ಲಿ ಮಾಮನ ಚಾನೆಲ್ಲಿಗೇ ತಿರುಗಿಸಿ ಕೂತೆವು. ಗೊರಗೊರ ಸದ್ದಿನ ನಡುವೆ ಮಾಮನ ದನಿ ಬಂತು: "ಇವತ್ತು ಒಂದು ಭೂಪಟದ ಪುಸ್ತಕ ಬಂದಿತ್ತು ಕಣೇ. ನೀನಿದ್ದಿದ್ರೆ ಹಾಳೆ ಹಾಳೆ ತಿರುವಿ ನೋಡ್ತಿದ್ದೆ." ದೊಡ್ಡಮ್ಮ ಥಟ್ಟನೆ ಸೆಟ್ ಆರಿಸಿದರು. "ಸಾಕು. ಇದು ನಾವು ಕೇಳೋ ಮಾತಲ್ಲ," ಎಂದರು.

ಮರುದಿನ ಮಾಮನ ನಡುಮನೆಯಲ್ಲಿ ಎಲ್ಲರೂ ಸೇರಿದೆವು. ತಂಗಿ ಬಾಗಿಲ ಬಳಿ ನಿಂತಿದ್ದಳು, ಪೆಟ್ಟಿಗೆ ಕಟ್ಟಿಯಾಗಿತ್ತು. ಸೆಟ್ ಇನ್ನೊಮ್ಮೆ ನೋಡಬೇಕೆಂದು ಅಂಗಡಿಯವನನ್ನೂ ಕರೆಸಿದ್ದೆವು.

"ಗುಂಡಿ ಒತ್ತಿದ್ರೆ ನಮ್ಮ ಮಾತು ಹೊರಗೆ ಹೋಗುತ್ತೆ, ಬಿಟ್ರೆ ಮಾತ್ರ ಬೇರೆಯವರದ್ದು ಕೇಳುತ್ತೆ," ಎಂದು ದೊಡ್ಡಮ್ಮ ಶುರುಮಾಡಿದರು. "ಮಾಮ ಅದನ್ನ ಬಿಗಿದೇಬಿಟ್ಟಿದ್ರು. ಕೆಂಪು ದೀಪ ಅಂದ್ರೆ ಮಾತು ಹೊರಗೆ ಹೋಗ್ತಿದೆ ಅಂತ. ಯಾರು ಓಗೊಟ್ಟಿದ್ರೂ ಇವರಿಗೆ ಕೇಳ್ತಿರಲಿಲ್ಲ. ಇವರು ಫೋಟೋಗೆ ಹೇಳಿದ್ದು ಮಾತ್ರ ಸೆಟ್ ಇರೋರಿಗೆಲ್ಲ ಕೇಳ್ತಿತ್ತು. ಬಳೆ ವಿಷಯ ಹೇಳಿದ್ರಾ ಮಾಮ?"

ಮಾಮನ ಮುಖ ಬಿಳುಚಿತು. "ಹೊಲಿಗೆ ಯಂತ್ರದ ಅಡಿ ಭದ್ರವಾಗಿದೆ, ಯೋಚನೆ ಮಾಡ್ಬೇಡ ಅಂತ..."

"ಫೋಟೋ ಜೊತೆ ಮಾತಾಡೋದು ಯಾರಿಗಾದ್ರೂ ಗೊತ್ತಿತ್ತಾ?"

"ಛೆ! ಬಾಗಿಲು ಹಾಕ್ಕೊಂಡೇ ಮಾತಾಡ್ತಿದ್ದದ್ದು. ಇವಳಿಗೂ ಗೊತ್ತಿಲ್ಲ."

"ಇವನಿಗೆ ಗೊತ್ತಿತ್ತು." ದೊಡ್ಡಮ್ಮ ಅಂಗಡಿಯವನತ್ತ ತಿರುಗಿದರು. "ದನಿಯೇ ಕೇಳಿಲ್ಲ ಅಂದವನಿಗೆ ಹೇಗೆ ಗೊತ್ತಾಯ್ತಪ್ಪಾ? ರೇಡಿಯೋ ಮಾರೋನು ನೀನು, ಆ ಕ್ಲಾಂಪು ಕಂಡ ತಕ್ಷಣ ತಪ್ಪು ಹೇಳ್ಬೇಕಿತ್ತು. ಎಲ್ಲಾ ಸರಿಯಾಗಿದೆ ಅಂದೆ. ಟೀ ಬರೋಷ್ಟರಲ್ಲಿ ನೇರ ಆ ಯಂತ್ರಕ್ಕೇ ಕೈ ಹಾಕಿದ್ದೆ. ಈಗ ಬಳೆ ಕೊಡ್ತೀಯೋ, ಪೊಲೀಸರು ಅಂಗಡಿ ಜಾಲಾಡ್ಲೋ?"

"ಗಲ್ಲಾಪೆಟ್ಟಿಗೆ ಕೆಳಗಿದೆ," ಎಂದ ಅವನು. ನಾನೇ ಜೊತೆಗೆ ಹೋಗಿ ತಂದೆ. ದಾರಿಯುದ್ದಕ್ಕೂ ಅವನಿಗೆ ಸರಿಯಾಗಿ ಉಗಿದೆ, ಸುಳ್ಳು ಯಾಕೆ ಹೇಳಲಿ.

ಮಾಮ ಬಳೆಗಳನ್ನು ತಂಗಿಯ ಮುಂದೆ ಹಿಡಿದರು. "ತಪ್ಪಾಯ್ತು ಕಣಮ್ಮ. ಇವು ನಿನ್ ಹತ್ರಾನೇ ಇರ್ಲಿ. ಹೋಗ್ಬೇಡ."

ಅವಳು ಕೈ ಚಾಚಲಿಲ್ಲ. "ಊರಿಗೆಲ್ಲ ಕೇಳೋ ಹಾಗೆ ಅತ್ತಿಗೆ ಜೊತೆ ಮಾತಾಡಿದ್ಯಲ್ಲ ಅಣ್ಣ, ನಾನು ಪಕ್ಕದ ಕೋಣೇಲೇ ಇದ್ದೆ. ಬಾಗಿಲು ತಟ್ಟಿದ್ರೆ ಬೇಜಾರು ಮಾಡ್ಕೋತೀಯೇನೋ ಅಂತ ಗೋಡೆ ನೋಡ್ಕೊಂಡು ಮಲಗ್ತಿದ್ದೆ. ಅತ್ತಿಗೆ ಇಲ್ಲ ಅನ್ನೋದು ನಿನಗೊಬ್ಬನಿಗೇನಾ?"

ಮಾಮ ಕುರ್ಚಿಯೊಂದನ್ನು ಅವಳತ್ತ ಎಳೆದು, "ಕೂತ್ಕೋ. ಇವತ್ತು ಕೆಲಸ ಹೇಗಿತ್ತು?" ಎಂದು ಕೇಳಿದರು.

ವರ್ಷವಿಡೀ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲವಂತೆ. ಅವಳು ಕೂತಳು, ಕಣ್ಣೊರೆಸಿಕೊಂಡು ಆಸ್ಪತ್ರೆಯ ಕೆಟ್ಟುಹೋದ ಒಗೆಯುವ ಯಂತ್ರದ ಕತೆ ತೆಗೆದಳು. ನಾವು ಸದ್ದಿಲ್ಲದೆ ಎದ್ದು ಬಂದೆವು.