ಹೆಸರಿಲ್ಲದ ಬೇರು

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಬೇರು ಆರಿಸೋ ಕೆಲಸ ಕೊಟ್ರೆ ಇನ್ನೇನಾಗುತ್ತೆ? ಎಲ್ಲರೂ ನೋಡಿ!"

ಡಾ. ವಾಗೀಶ ಹೀಗೆಂದಾಗ ಕೆಂಗಲ್ಲುಬೆಟ್ಟದ ಸಂಶೋಧನಾ ತೋಟಕ್ಕೆ ಬಂದಿದ್ದ ನಲವತ್ತು ಬೆಳೆಗಾರರು ಗೊಳ್ಳೆಂದು ನಕ್ಕರು. ವಾಗೀಶರ ಕೈಯಲ್ಲಿದ್ದ ‘ಮೂಲದರ್ಶಿ’ ಯಂತ್ರವನ್ನು ಸಸಿಯ ಬುಡಕ್ಕೆ ಮುಟ್ಟಿಸಿದರೆ ಸಾಕು, ಅದರ ಮೇಲೆ ಕಸಿ ಕಟ್ಟಿದ ಪೀಚ್ ಅಥವಾ ನೆಕ್ಟರಿನ್ ಮರ ಮುಂದೆ ಎಷ್ಟು ಹಣ್ಣು ಬಿಡುತ್ತದೆ, ಎಷ್ಟು ಸಿಹಿಯಿರುತ್ತದೆ ಎಂದು ಹೇಳುತ್ತಿತ್ತು. ಕಸಿಗಾರ ಮುನಿಕೃಷ್ಣ ಬೀಜದಿಂದ ಬೆಳೆಸಿದ್ದ ಮುನ್ನೂರು ಸಸಿಗಳಿಗೆ ಅದು ಕೊಟ್ಟ ಅಂಕಿ ಮರಕ್ಕೆ ಹದಿನೆಂಟು ಕಿಲೋ. ಪ್ರಯೋಗಾಲಯದ ದಪ್ಪ ಬೇರಿಗೆ ನಲವತ್ತೆರಡು. ಸಿಹಿ ಎರಡಕ್ಕೂ ಸಮ.

"ಸಮ ಇಲ್ಲ ಸಾರ್! ಇದು ಕುಳ್ಳ ಬೇರು, ಮರಾನ ಎತ್ತರ ಬೆಳೆಯೋಕೆ ಬಿಡಲ್ಲ. ಹಣ್ಣು ಕಮ್ಮಿ, ರುಚಿ ಜಾಸ್ತಿ. ಒಂದು ಸಾಲಾದ್ರೂ ಉಳಿಸಿ."

"ರುಚಿ ಮೇಲೆ ಕಸಿ ಕಟ್ಟೋ ಕುಡಿಯದು ಕಣಯ್ಯಾ. ಬೇರಿಗಿರೋದು ನೀರೆತ್ತೋ ಕೆಲಸ. ಕಿತ್ತುಹಾಕು."

ಮುನ್ನೂರನ್ನೂ ಅವನ ಕೈಯಿಂದಲೇ ಕೀಳಿಸಿದರು. ಹಳೆಯ ಮರಗಳ ಒಂಬತ್ತನೇ ಸಾಲನ್ನೂ ಹೊಸ ಗಿಡಗಳ ಜಾಗಕ್ಕೆಂದು ಬುಡಸಮೇತ ತೆಗೆದರು.

ನಾಲ್ಕು ವರ್ಷಗಳ ನಂತರ, ಬೆಳೆಗಾರರೂ ಕೊಂಡೊಯ್ದು ನೆಟ್ಟಿದ್ದ ದಪ್ಪ ಬೇರಿನ ಮರಗಳು ಯಂತ್ರ ಹೇಳಿದಂತೆಯೇ ನಲವತ್ತೆರಡು ಕಿಲೋ ಬಿಟ್ಟವು. ಹಣ್ಣು ಮುಷ್ಟಿಗಾತ್ರ, ಕಚ್ಚಿದರೆ ಬರೀ ನೀರು. ಕಸುವಿನ ಬೇರು ಸಿಕ್ಕಾಪಟ್ಟೆ ನೀರೆತ್ತಿ ಚಿಗುರು ಬೆಳೆಸಿತ್ತು. ಎಲೆಯ ನೆರಳಲ್ಲಿ ಹಣ್ಣಿಗೆ ಬಿಸಿಲಿಲ್ಲ, ಎಲೆ ಮಾಡಿದ ಸಕ್ಕರೆಯೆಲ್ಲ ಕೊಂಬೆಯ ಪಾಲು.

ವಾಗೀಶರು ಯಂತ್ರದ ನೆನಪನ್ನು ತೆರೆದು ನೋಡಿದರು. ಸಿಹಿ ಎಂದರೇನೆಂದು ಅದು ಕಲಿತದ್ದು ಒಂಬತ್ತನೇ ಸಾಲಿನ ಮರಗಳಿಂದ. ಆ ಮರಗಳ ಚೀಟಿಯಲ್ಲಿದ್ದದ್ದು ಮೇಲಿನ ತಳಿಯ ಹೆಸರು ಮಾತ್ರ. ಬೇರಿನ ಹೆಸರು ಬರೆಯುವ ಪದ್ಧತಿಯೇ ಆ ತೋಟದಲ್ಲಿರಲಿಲ್ಲ! ಮಣ್ಣಿನೊಳಗೆ ದುಡಿಯುವುದಕ್ಕೆ ಹೆಸರೇಕೆ? ಹೀಗಾಗಿ ಬೇರಿನ ಗುಣವನ್ನೆಲ್ಲ ಯಂತ್ರ ಕುಡಿಯ ಲೆಕ್ಕಕ್ಕೆ ಬರೆದುಕೊಂಡಿತ್ತು. ಆ ಸಾಲಿಗೆ ಕಸಿ ಕಟ್ಟಿದ್ದವನು ಮುನಿಕೃಷ್ಣ. ಬೇರೂ ಅದೇ ಕುಳ್ಳ ಬೇರು.

ಬೆಳೆಗಾರರು ತೋಟಕ್ಕೆ ನುಗ್ಗಿದ ದಿನ ವಾಗೀಶರು ಅವನನ್ನು ಕರೆಸಿದರು.

"ಮುನಿಕೃಷ್ಣ ಅವರೇ, ಆ ಬೀಜ ಎಲ್ಲಿಂದ ತಂದಿದ್ರಿ? ತಾಯಿಮರ ಎಲ್ಲಿದೆ? ತಳಿಗೆ ನಿಮ್ಮ ಹೆಸರೇ ಇಡೋಣ."

"ಹೇಳಪ್ಪಾ, ನಾಲ್ಕು ವರ್ಷ ಮಣ್ಣುಪಾಲಾಯ್ತು ನಮ್ದು," ಎಂದ ಬೆಳೆಗಾರನೊಬ್ಬ.

ಮುನಿಕೃಷ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಸಿ ಚಾಕು ಮಡಚಿ ಜೇಬಿಗಿಟ್ಟ. ಹಣ್ಣಿನ ಭಾರಕ್ಕೆ ಬಾಗಿದ್ದ ಕೊಂಬೆಗಳನ್ನು ಭುಜದಿಂದ ಸರಿಸುತ್ತಾ ಗೇಟಿನ ಕಡೆಗೆ ನಡೆದೇಬಿಟ್ಟ.