ಗೇರಿನಲ್ಲಿದ್ದರೂ ಉರುಳಿದ ಕಾರು

"ದೊಡ್ಡವ್ವಾ, ಸಂಜೆ ಆಗೋದ್ರೊಳಗೆ ನಮ್ಮನೆಯವರನ್ನ ಪೊಲೀಸಿಗೆ ಕೊಟ್ಬಿಡ್ತಾರಂತೆ. ನೀವು ಬರ್ಲೇಬೇಕು!"

ತಮಿಳರಸಿ ಪಂಕ್ಚರ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಹೀಗೆಂದಾಗ ತಂಗವೇಲ್ ಎಂದಿನಂತೆ ಅರ್ಧ ಎಚ್ಚರದಲ್ಲಿದ್ದ. ಬೆಟ್ಟದ ಸಂದಿನಿಂದ ಗಾಳಿ ಬೀಸುವ ಕಾಲ ಅದು. ಆ ಗಾಳಿ ಶುರುವಾಯಿತೆಂದರೆ ತೇವಾರವೆಂಬ ಆ ಊರಿನಲ್ಲಿ ಮನುಷ್ಯ ಕೂತಲ್ಲೇ ಕನಸು ಕಾಣುತ್ತಾನೆ. ಬೋಡಿ ಕಡೆಯಿಂದ ಬರುವ ಲಾರಿಗಳ ಏಲಕ್ಕಿ ವಾಸನೆ, ದ್ರಾಕ್ಷಿ ಚಪ್ಪರಗಳ ಹಸಿ ವಾಸನೆ, ಎಲ್ಲ ಬೆರೆತು ರೆಪ್ಪೆಯ ಮೇಲೆ ಬಂದು ಕೂರುತ್ತವೆ. ಪೋಸ್ಟ್ ಮಾಸ್ತರನಾಗಿ ನಿವೃತ್ತನಾದ ತಂಗವೇಲನಿಗೆ ಕಣ್ಣು ಮುಚ್ಚಲು ಗಾಳಿಯ ನೆಪವೂ ಬೇಕಾಗಿರಲಿಲ್ಲ ಅನ್ನಿ. ದಿನಾ ಹತ್ತು ಗಂಟೆಗೆ ಓಚ್ಚಮ್ಮಾಳಿನ ಅಂಗಡಿಗೆ ಬಂದು, ಹಳೆಯ ಲಾರಿ ಟೈರಿನ ಮೇಲೆ ಕೂತು, ಅವಳು ಕೊಡಿಸುವ ಚಹಾ ಕುಡಿದು ತೂಕಡಿಸುವುದೇ ಅವನ ಈಗಿನ ಉದ್ಯೋಗ.

ಓಚ್ಚಮ್ಮಾಳ್ ಉಸಿಲಂಪಟ್ಟಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಅವನ ಸ್ಪ್ಯಾನರುಗಳನ್ನು ಕೈಗೆತ್ತಿಕೊಂಡು ಮೂವತ್ತು ವರ್ಷ ವಂಡಿ, ಅಂದರೆ ಕಾರು ಲಾರಿ ಮುಂತಾದ ಗಾಡಿಗಳನ್ನು, ರಿಪೇರಿ ಮಾಡಿದ್ದಳು. ತಮಿಳು ಸೀಮೆಯ ನಡುವೆಯೂ ಉಳಿದಿದ್ದ ಈ ಊರಿನ ಕನ್ನಡವನ್ನು ಊರವರಿಗಿಂತ ಗಟ್ಟಿಯಾಗಿ ಆಡುತ್ತಿದ್ದಳು. ಕಳುವಾದ ಪಂಪ್‌ಸೆಟ್ಟು, ಕಾಣೆಯಾದ ಆಡು, ಬಿಟ್ಟುಹೋದ ಮಾತು, ಊರಿನಲ್ಲಿ ಯಾವುದು ಬಿಡಿಸಲಾಗದೆ ಉಳಿದರೂ ಕೊನೆಗೆ ಅವಳ ಮೆಟ್ಟಿಲಿಗೇ ಬರುತ್ತಿತ್ತು. ಅವಳು ಎಲ್ಲಿಗೆ ಹೊರಟರೂ ತಂಗವೇಲ್ ಹಿಂದೆ. ಇದರಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ.

"ಅಳೋದು ಆಮೇಲೆ," ಎಂದಳು ಓಚ್ಚಮ್ಮಾಳ್, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಏನಾಯ್ತು, ಮೊದಲಿಂದ ಹೇಳು."

ತಮಿಳರಸಿ ಹೇಳಿದ್ದು ಇಷ್ಟು. ಅವಳ ಭಾವ ಪ್ರಭಾಕರನ್ ಬೆಳಗ್ಗೆ ಎಂಟಕ್ಕೆ ಅಪ್ಪನ ಕಾಲದ ಅಂಬಾಸಿಡರ್ ಕಾರಿನ ಹಿಂದಿನ ಬ್ರೇಕ್ ತಾನೇ ಸರಿಮಾಡುತ್ತೇನೆಂದು, ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು, ಜಾಕಿ ಕೊಟ್ಟು ಕಾರು ಎತ್ತಿದ್ದ. ತಮ್ಮ ವಿಘ್ನೇಶ್ವರನ್, ಅಂದರೆ ತಮಿಳರಸಿಯ ಗಂಡ, ಅಲ್ಲಿಗೆ ಹೋಗಿ ಜಗಳವಾಡಿದ್ದ. ಅವನು ಗೇಟು ಬಡಿದು ಹೊರಟ ಹತ್ತು ನಿಮಿಷಕ್ಕೆ ಕಾರು ಜಾಕಿಯಿಂದ ಜಾರಿ ಬಿತ್ತು. ಅಣ್ಣನ ಕೈ ಮುರಿದು ತಲೆಗೆ ಪೆಟ್ಟಾಗಿತ್ತು. ತೇನಿಯ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅವನ ಹೆಂಡತಿ ಅಲ್ಲೇ ಇದ್ದಳು.

"ಪಕ್ಕದ ಮನೆ ಕಾಳಿಯಪ್ಪನ್ ಮಾಮ ಗೋಡೆ ಮೇಲಿಂದ ನೋಡಿದ್ರಂತೆ, ಇವರೇ ವಂಡಿ ಬೀಳ್ಸಿದ್ದು ಅಂತಾರೆ. ಅತ್ತೆ, ಸ್ವಂತ ಮಗನ್ನ, 'ನನ್ ಕಣ್ಮುಂದೆ ಬರ್ಬೇಡ' ಅಂದ್ಬಿಟ್ರು. ಇವರು ಒಂದು ಮಾತೂ ಆಡ್ತಾ ಇಲ್ಲೆ, ದೊಡ್ಡವ್ವಾ. ಕಲ್ಲಿನಂಗೆ ಕೂತವ್ರೆ."

ಓಚ್ಚಮ್ಮಾಳ್ ಟಾರ್ಚ್ ತೆಗೆದುಕೊಂಡು ಹೊರಟಳು. ತಂಗವೇಲ್ ಚಪ್ಪಲಿ ಹುಡುಕಿಕೊಂಡು ಹಿಂದೆ ಓಡಿದ.

ಮನೆಯ ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಎರಡು ಬೇವಿನ ಮರಗಳು. ಅವುಗಳ ಕೆಳಗೆ ಅಂಬಾಸಿಡರ್ ಗೇಟಿಗೆ ಮುಖ ಮಾಡಿ, ಒಂದು ಮಗ್ಗುಲಿಗೆ ಕುಸಿದು ನಿಂತಿತ್ತು. ಗಾಳಿಗೆ ಬೇವಿನ ಹೂ ಅದರ ತಲೆಯ ಮೇಲೆ ಉದುರುತ್ತಲೇ ಇತ್ತು. ತಂಗವೇಲನಿಗೆ ಅದು ನಿದ್ದೆಹೋದ ಎಮ್ಮೆಯ ಹಾಗೆ ಕಂಡಿತು. ಅದರ ಕೆಳಗೆ ಬೆಳಗ್ಗೆ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದನೆಂದು ನಂಬುವುದೇ ಕಷ್ಟವಾಯಿತು.

ಕಾಳಿಯಪ್ಪನ್ ಎದುರು ಬಂದ. ತಮಿಳರಸಿಯ ಅತ್ತೆ, ಈ ಮನೆಯ ಸತ್ತ ಯಜಮಾನನ ಹೆಂಡತಿ ವೀರಮ್ಮಾಳ್, ಅವನ ಸ್ವಂತ ಅಕ್ಕ. ತಾನು ಇಲ್ಲದೆ ಈ ಮನೆಯಲ್ಲಿ ಒಲೆ ಹತ್ತುವುದಿಲ್ಲವೆಂದು ನಂಬಿದ್ದ ಮನುಷ್ಯ.

"ಕಣ್ಣಾರೆ ಕಂಡೆ, ಓಚ್ಚಮ್ಮ! 'ಸಾಯಿ, ಅದರ ಕೆಳಗೇ ಬಿದ್ದು ಸಾಯಿ' ಅಂದ. ಅಂದು ಬಗ್ಗಿ ವಂಡಿ ಕೆಳಗೆ ಕೈ ಆಕ್ದ. ಜಾಕಿ ಸಡಿಲ ಮಾಡಿದ್ದಾನೆ. ಆಂಡ್‌ಬ್ರೇಕೂ ಬಿಟ್ಟಿದ್ದಾನೆ, ನೋಡು ಬೇಕಾದ್ರೆ. ಅವನ ಅಂಗಿ ಮೇಲೆ ಕರೀ ಮಸಿ ಇನ್ನೂ ಅದೆ. ಸಾಕಲ್ಲ?"

"ಅವನು ಹೋದ ಮೇಲೆ ಏನಾದ್ರೂ ಸದ್ದು ಕೇಳ್ತಾ?"

"ಪ್ರಭಾಕರನ್ ಸುತ್ತಿಗೇಲಿ ಡಣ್ ಡಣ್ ಅಂತ ಬಡೀತಿದ್ದ. ಆಮೇಲೆ ದಡಾರ್ ಅಂತು."

ವಿಘ್ನೇಶ್ವರನ್ ದೂರದ ಬೇವಿನ ಬುಡದಲ್ಲಿ ಕೂತಿದ್ದ. ಅಂಗಿಯ ಎದೆಯ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಕಪ್ಪು ಕಲೆ. ಓಚ್ಚಮ್ಮಾಳ್ ಹತ್ತಿರ ಹೋದರೆ ತಲೆಯನ್ನೂ ಎತ್ತಲಿಲ್ಲ. "ನಾ ತಾನೆ ಮಾಡ್ದೆ ಅಂತ ಇಟ್ಕೊಳ್ಳಿ, ದೊಡ್ಡವ್ವಾ. ಇನ್ನ ಏನೂ ನೋಡ್ಬೇಡಿ," ಎಂದ.

"ಏನೂ ನೋಡ್ಬಾರ್ದಾ? ಸೆರಿ," ಎಂದು ಅವಳು ನೇರ ಕಾರಿನ ಬಳಿ ಹೋಗಿ ಅಂಗಾತ ಮಲಗಿ ಟಾರ್ಚ್ ಬಿಟ್ಟಳು.

ತಂಗವೇಲನೂ ಬಗ್ಗಿ ನೋಡಿದ. ಹಿಂದಿನ ಎಡಚಕ್ರ ಬಿಚ್ಚಿತ್ತು. ಬಿಚ್ಚಿದ ಚಕ್ರ ಚಾಸಿಸ್ಸಿನ ಕೆಳಗೆ ಅಡ್ಡಡ್ಡ ಮಲಗಿ ಕಾರಿನ ಭಾರವನ್ನೆಲ್ಲ ಹೊತ್ತಿತ್ತು. ಜಾಕಿ ಗೇಟಿನ ಕಡೆಗೆ ವಾಲಿ ಬಿದ್ದಿತ್ತು, ಅದರ ಸ್ಕ್ರೂ ಮೇಲಿನವರೆಗೂ ಏರಿಯೇ ಇತ್ತು. ಕಾರಿನೊಳಗೆ ಹ್ಯಾಂಡ್‌ಬ್ರೇಕ್ ಬಿಟ್ಟಿತ್ತು, ಗೇರು ಮಾತ್ರ ಒಂದರಲ್ಲಿ ಭದ್ರವಾಗಿತ್ತು. ಮುಂದಿನ ಚಕ್ರದ ಎದುರು ಮಣ್ಣಿನಲ್ಲಿ ಮೂರು ಮೂಲೆಯ ಒಂದು ಗುಳಿ. ಅದರಾಚೆ ಒಂದು ತೆಂಗಿನಕಾಯಿ, ಸಿಪ್ಪೆಯ ಒಂದು ಮಗ್ಗುಲು ಜಜ್ಜಿಹೋಗಿತ್ತು.

"ಮರದಿಂದ ಬಿದ್ದಿರ್ಬೇಕು," ಎಂದ ತಂಗವೇಲ್.

"ಬೇವಿನ ಮರದಿಂದಲಾ, ಅಣ್ಣ?" ಎಂದಳು ಓಚ್ಚಮ್ಮಾಳ್.

ತಂಗವೇಲ್ ತಲೆಯೆತ್ತಿ ಮರ ನೋಡಿದ.

ಮನೆಯ ಹಿಂದೆ ಕೊಟ್ಟಿಗೆ. ವೀರಮ್ಮಾಳ್ ಅಲ್ಲಿ ಹಸುವಿನ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೆಳಗಿನ ಜಾವ ಹುಟ್ಟಿದ ಕೆಂದು ಕರು ಕಾಲು ನಡುಗಿಸುತ್ತ ನಿಂತು ಬಿದ್ದು ಮತ್ತೆ ನಿಲ್ಲುತ್ತಿತ್ತು. ಮೂಲೆಯಲ್ಲಿ ಮೂರು ಮೂಲೆಯ ಕಲ್ಲೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಿಣ್ಣುಹಾಲು ಎರೆದು, ಹೂ ಇಟ್ಟಿತ್ತು. ಬಿಸಿಲು ಕೊಟ್ಟಿಗೆಯ ಸಂದುಗಳಿಂದ ಪಟ್ಟಿಪಟ್ಟಿಯಾಗಿ ಬೀಳುತ್ತಿತ್ತು. ಹಾಲಿನ ವಾಸನೆಗೆ ತಂಗವೇಲನ ಕಣ್ಣು ತಾನಾಗಿ ಮುಚ್ಚಿತು. ಅವನು ಎಂಟು ವರ್ಷದವನಾಗಿ ತನ್ನ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದ. ಅವ್ವ ಒದ್ದೆ ಸೀರೆಯಲ್ಲಿ ಚೊಂಬು ಹಿಡಿದು ಬರುತ್ತಿದ್ದಳು. ಅವನು ಅವ್ವಾ ಅವ್ವಾ ಎಂದು ಕೂಗುತ್ತಿದ್ದ, ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅವಳು ಹೋಗಿ ಐವತ್ತು ವರ್ಷವಾಗಿತ್ತು.

"ಕರು ಹಾಕಿದ ದಿನ ನಮ್ಮವ್ವ ಮಾತೇ ಆಡ್ತಿರ್ಲಿಲ್ಲೆ," ಎಂದು ಅವನು ತನಗೇ ಹೇಳಿಕೊಂಡ.

ಓಚ್ಚಮ್ಮಾಳ್ ಗಕ್ಕನೆ ತಿರುಗಿದಳು. "ಏನಂದ್ರಿ?"

"ನಮ್ಮ ಜನದ ಪದ್ಧತಿ. ಮನೆಯಾಕೆ ಮಿಂದ ಮೇಲೆ ಕಲ್ಲಿಗೆ ಮೊದಲ ಹಾಲು ಎರೆಯೋವರೆಗೂ ಮಾತಾಡಂಗಿಲ್ಲ. ಆ ಕಲ್ಲು ಅವತ್ತೊಂದು ದಿನ ದೇವರು. ಉಳಿದ ದಿನ ಕೊಟ್ಟಿಗೆ ಬಾಗಿಲಿಗೆ ಒತ್ತು ಕೊಡೋ ಕಲ್ಲು, ಅಷ್ಟೇ."

ಓಚ್ಚಮ್ಮಾಳ್ ಬಹಳ ಹೊತ್ತು ಕಲ್ಲನ್ನೇ ನೋಡಿದಳು. ಅದರ ಒಂದು ಮುಖದಲ್ಲಿ ಅರಿಶಿನದ ಕೆಳಗೆ ಕರಿಯ ಗೆರೆಯೊಂದಿತ್ತು. ಅವಳ ಮುಖ ಬಾಡಿದ್ದನ್ನು ತಂಗವೇಲ್ ಕಂಡ. ಕಗ್ಗಂಟು ಬಿಡಿಸಿದಾಗಲೆಲ್ಲ ಅವಳು ಬೀಡಿ ಕೇಳುತ್ತಿದ್ದಳು. ಅವತ್ತು ಕೇಳಲಿಲ್ಲ.

ನಾಲ್ಕು ಗಂಟೆಗೆ ಅವಳು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದಳು. ಕಾಳಿಯಪ್ಪನ್ ಫೋನು ಕೈಯಲ್ಲೇ ಹಿಡಿದಿದ್ದ. ವೀರಮ್ಮಾಳ್ ಕಿರಿಯ ಮಗನಿಗೆ ಬೆನ್ನು ತಿರುಗಿಸಿ ಜಗಲಿಯ ಮೇಲೆ ಕೂತಳು. ತಮಿಳರಸಿ ಗಂಡನ ಪಕ್ಕ ನಿಂತಳು.

"ಮೊದಲು ಜಾಕಿ," ಎಂದಳು ಓಚ್ಚಮ್ಮಾಳ್. "ಸಡಿಲ ಮಾಡಿದ್ರೆ ಸ್ಕ್ರೂ ಇಳಿದಿರ್ಬೇಕು. ಇದು ಏರಿದ್ದು ಏರಿದಂಗೇ ಅದೆ. ಅಂದ್ರೆ ಯಾರೂ ಜಾಕಿ ಮುಟ್ಟಿಲ್ಲ. ವಂಡಿ ಮುಂದಕ್ಕೆ ಉರುಳ್ತು, ಜಾಕಿ ಅದರ ಜೊತೆ ವಾಲ್ತು."

"ಅದಕ್ಕೇ ಅಲ್ವಾ ಅಂದಿದ್ದು, ಆಂಡ್‌ಬ್ರೇಕ್ ಬಿಟ್ಟಿದ್ದಾನೆ ಅಂತ!"

"ಬಿಟ್ಟಿದ್ದು ಪ್ರಭಾಕರನ್ನೇ. ಹಿಂದಿನ ಬ್ರೇಕ್ ಡ್ರಮ್ ಬಿಚ್ಬೇಕಾದ್ರೆ ಹ್ಯಾಂಡ್‌ಬ್ರೇಕ್ ಬಿಡ್ಲೇಬೇಕು, ಇಲ್ದಿದ್ರೆ ಒಳಗಿನ ಬ್ರೇಕ್ ಶೂ ಡ್ರಮ್ಮನ್ನ ಕಚ್ಚಿ ಹಿಡಿದಿರುತ್ತೆ. ಅವನು ಗೇರ್ ಹಾಕಿದ್ದೀನಲ್ಲ ಅಂತ ಧೈರ್ಯವಾಗಿದ್ದ. ಆದ್ರೆ ಈ ವಂಡೀಲಿ ಗೇರ್ ಹಿಡಿಯೋದು ಹಿಂದಿನ ಎರಡು ಚಕ್ರಾನ. ಒಂದು ಕಡೆ ಎತ್ಬಿಟ್ರೆ ಆ ಕಡೆ ಸುಮ್ನೆ ತಿರುಗುತ್ತೆ, ನೆಲದ ಮೇಲಿರೋ ಚಕ್ರಾನ ಗೇರ್ ಹಿಡಿಯಲ್ಲ. ಈ ಇಳಿಜಾರಿನಲ್ಲಿ ವಂಡಿ ನಿಂತಿದ್ದು ಮುಂದಿನ ಚಕ್ರಕ್ಕೆ ಕೊಟ್ಟಿದ್ದ ಒಂದೇ ಒಂದು ಒತ್ತಿನ ಮೇಲೆ. ಸಮ ನೆಲ ನೋಡ್ಬೇಕಿತ್ತು, ಎರಡು ಚಕ್ರಕ್ಕೂ ಹಿಂದೆ ಮುಂದೆ ಒತ್ತು ಕೊಡ್ಬೇಕಿತ್ತು, ಜಾಕಿ ಎತ್ತೋಕೆ ಮಾತ್ರ, ಹೊರೋಕೆ ಸ್ಟ್ಯಾಂಡ್ ಇಡ್ಬೇಕಿತ್ತು. ವಿಡಿಯೋ ಪೂರ್ತಿ ನೋಡಿಲ್ಲ, ಪಾಪ."

"ಅವನು ವಂಡಿ ಕೆಳಗೆ ಕೈ ಆಕಿದ್ದು?" ಕಾಳಿಯಪ್ಪನ ದನಿ ಸ್ವಲ್ಪ ಇಳಿದಿತ್ತು.

"ಅವನ ಎದೆ ಮೇಲಿನ ಕಲೆ ನೋಡಿ. ಟೈರು ತಬ್ಬಿ ಎತ್ತಿದವನಿಗೆ ಆಗೋ ಕಲೆ ಅದು. ಬಿಚ್ಚಿದ ಚಕ್ರಾನ ವಂಡಿ ಕೆಳಗೆ ತಳ್ಳಿದ್ದು ಅವನೇ. ಹಠಮಾರಿ ಅಣ್ಣ ಸ್ಟ್ಯಾಂಡ್ ಬೇಡ ಅಂದ, ಇವನು 'ಸಾಯಿ' ಅಂತ ಬೈದ. ಬೈದೂ ಚಕ್ರ ಇಟ್ಟು ಹೋದ. ಅದಿಲ್ಲದಿದ್ರೆ ಇವತ್ತು ಈ ಅಂಗಳದಲ್ಲಿ ಹೆಣ ಇರ್ತಿತ್ತು."

ತಮಿಳರಸಿಯ ಬಾಯಿಂದ ಅಳುವೋ ನಗುವೋ ತಿಳಿಯದ ಸದ್ದು ಬಂತು. ಕಾಳಿಯಪ್ಪನ್ ಫೋನನ್ನು ಜೇಬಿಗೆ ಹಾಕಿಕೊಂಡ. ವೀರಮ್ಮಾಳ್ ಮೆಲ್ಲಗೆ ಈ ಕಡೆ ತಿರುಗಿದಳು.

"ಮತ್ತೆ ಆ ಒತ್ತು ತೆಗೆದಿದ್ದು ಯಾರು?" ಎಂದಳು.

ಓಚ್ಚಮ್ಮಾಳ್ ನೆಲ ನೋಡಿದಳು. ವಿಘ್ನೇಶ್ವರನ್ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ದೊಡ್ಡವ್ವಾ, ಇಷ್ಟು ಸಾಕು. ಸತ್ಯಮಾ ಸಾಕು."

"ಸಾಕಾಗಲ್ಲ, ಮಗಾ. ಅರ್ಧ ಬಿಚ್ಚಿದ ಬ್ರೇಕು ಯಾರಿಗೂ ಒಳ್ಳೇದಲ್ಲ," ಎಂದಳು ಅವಳು. ದನಿ ಮಾತ್ರ ಅತ್ತಂತಿತ್ತು. "ಚಕ್ರದ ಮುಂದಿನ ಗುಳಿ ಮೂರು ಮೂಲೇದು. ಅಲ್ಲಿ ಮೊದಲು ಕಲ್ಲಿತ್ತು. ಆಮೇಲೆ ಯಾರೋ ಪಕ್ಕದಲ್ಲಿ ತೆಂಗಿನಕಾಯಿ ಒತ್ತಿಟ್ಟು ಕಲ್ಲು ಎತ್ಕೊಂಡ್ರು. ಕೊಲ್ಲೋ ಮನಸ್ಸಿರೋರು ಬರಿದೇ ಬಿಡ್ತಿದ್ರು, ಕಾಯಿ ಇಡ್ತಿರ್ಲಿಲ್ಲ. ಕಾಯಿ ಸ್ವಲ್ಪ ಹೊತ್ತು ತಡೀತು. ಪ್ರಭಾಕರನ್ ಡ್ರಮ್ ಬಡಿದಾಗ ವಂಡಿ ಅದುರಿ ಕಾಯಿ ಜಾರ್ತು. ವಿಘ್ನೇಶು ಹೊರಗೆ ಹೋಗ್ತಾ ಕಲ್ಲು ಎತ್ಕೊಂಡು ಹೋಗೋರನ್ನ ನೋಡಿದ್ದಾನೆ. ಅದು ಎಲ್ಲಿಯ ಕಲ್ಲು ಅಂತ ಆಗ ಹೊಳೀಲಿಲ್ಲ, ವಂಡಿ ಬಿದ್ದ ಮೇಲೆ ಹೊಳೀತು. ಅದಕ್ಕೇ ಬೆಳಗ್ಗೆಯಿಂದ ಇವನ ಬಾಯಿ ಕಟ್ಟಿದೆ. ಆ ಕಲ್ಲು ಈಗ..."

"ನನ್ ಕೊಟ್ಟಿಗೇಲಿ ಅದೆ," ಎಂದಳು ವೀರಮ್ಮಾಳ್.

ಅವಳು ಜಗಲಿಯಿಂದ ಇಳಿದು ಬಂದು ಕಾರಿನ ಎದುರು ನಿಂತಳು. ಕಾರನ್ನಲ್ಲ, ಗುಳಿಯನ್ನು ನೋಡುತ್ತಿದ್ದಳು.

"ಆಲು ಎರೆಯೋಕೆ ಕಲ್ಲು ಉಡುಕ್ದೆ. ಬಾಗಿಲ ಅತ್ರ ಇರ್ಲಿಲ್ಲೆ. ನೋಡಿದ್ರೆ ಚಕ್ರದ ಕೆಳಗೆ ಅದೆ. ದೇವರನ್ನ ಚಕ್ರಕ್ಕೆ ಇಟ್ಟವ್ನಲ್ಲ ಅಂತ ಒಟ್ಟೆ ಉರೀತು. ಮಾತಾಡಂಗಿಲ್ಲೆ, ಕೂಗಂಗಿಲ್ಲೆ. ಏನಾದ್ರೂ ಒಂದು ಇರ್ಲಿ ಅಂತ ಕಾಯಿ ಇಟ್ಟೆ. ಅವರಪ್ಪ ಇದ್ದಾಗ ಗೇರಾಕಿ ನಿಲ್ಲಿಸಿದ್ರೆ ಅಲ್ಲಾಡ್ತಿರ್ಲಿಲ್ಲೆ ಈ ವಂಡಿ." ಅವಳು ತಮ್ಮನ ಕಡೆ ತಿರುಗಿದಳು. "ಫೋನ್ ಮಾಡು, ಕಾಳಿಯಪ್ಪ. ಹಿಡ್ಕೊಡ್ಬೇಕಾದ್ದು ನನ್ನ."

ಕಾಳಿಯಪ್ಪನ್ ತಲೆ ತಗ್ಗಿಸಿದ.

"ಪೊಲೀಸಿಗೆ ಇಲ್ಲೇನು ಕೆಲಸ ಇಲ್ಲ," ಎಂದಳು ಓಚ್ಚಮ್ಮಾಳ್. "ಇಲ್ಲಿ ಕೊಲೆಗಾರರು ಯಾರೂ ಇಲ್ಲ. ಒಬ್ಬರ ಮಾತಿಗೆ ಒಬ್ಬರು ಕಿವಿ ಕೊಡದೋರು ಇದ್ದೀರಿ, ಅಷ್ಟೇ."

ಆಗಲೇ ತಮಿಳರಸಿಯ ಫೋನು ಹೊಡೆದುಕೊಂಡಿತು. ತೇನಿಯಿಂದ ಓರಗಿತ್ತಿ. ಪ್ರಭಾಕರನಿಗೆ ಪ್ರಜ್ಞೆ ಬಂದಿತ್ತು, ನೀರು ಕೇಳಿದ್ದ. ಅದನ್ನು ಹೇಳುವಷ್ಟರಲ್ಲಿ ತಮಿಳರಸಿಯ ಕಣ್ಣಿಂದ ನೀರು ಸುರಿಯಿತು. ತಂಗವೇಲನೂ ಅತ್ತುಬಿಟ್ಟ, ಮುಚ್ಚಿಡಲು ಹೋಗಲಿಲ್ಲ.

ವೀರಮ್ಮಾಳ್ ಅಳಲಿಲ್ಲ. ಅವಳು ಕಿರಿಯ ಮಗನ ಎದುರು ಹೋಗಿ, ಅಂಗಿಯ ಮೇಲಿನ ಆ ಕರಿಯ ಕಲೆಯನ್ನು ಬೆರಳಿನಿಂದ ಮುಟ್ಟಿದಳು.

"ಬೆಳಗ್ಗೆಯಿಂದ ನಿನ್ನ ಬಾಯಿಗೆ ಬಂದಂಗೆ ಬೈದೆ. ಕೊಲೆಗಾರ ಅಂದೆ. ಯಾಕೋ ಸುಮ್ನಿದ್ದೆ?"

ವಿಘ್ನೇಶ್ವರನ್ ಅವಳ ಬೆರಳು ಹಿಡಿದುಕೊಂಡ.

"ನೀ ನನ್ನ ಬೈತಾ ಇದ್ರೆ ನಿನ್ನ ನೀ ಬೈಕೊಳ್ಳಲ್ಲ ಅಂತ, ಅವ್ವಾ," ಎಂದ.

ಅಷ್ಟು ದೊಡ್ಡ ಮಗನ ಎದೆಗೆ ಹಣೆಯೂರಿ ಅವಳು ಬಹಳ ಹೊತ್ತು ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು, ತೇನಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

"ದೊಡ್ಡವನಿಗೆ ನಾನೇ ಏಳ್ಬೇಕು, ಕಲ್ಲು ಎತ್ತಿದ್ದು ನಾ ತಾನೆ ಅಂತ," ಎಂದಳು. "ನೀ ಬಾ. ನೀ ಪಕ್ಕದಲ್ಲಿ ಇಲ್ದಿದ್ರೆ ನನಗೆ ಬಾಯಿ ಬರಲ್ಲ."

ತಾಯಿ ಮಗ ಕೈ ಹಿಡಿದುಕೊಂಡು ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದರು.